ಚುಕ್ಕೆಗೆರೆಯ ಗುರು: ಚಿತ್ರ ನೋಡಿ ಬಿಲಿಯರ್ಡ್ಸ್ ಕಲಿತ ಎರಡು ಶತಮಾನ

ಬಿಲಿಯರ್ಡ್ಸ್ ಪುಸ್ತಕದ ಚಿತ್ರ ನೋಡುವುದಕ್ಕೆ ಬಲು ಸರಳ. ಒಂದು ಉದ್ದನೆಯ ಆಯತ, ಒಳಗೆ ಮೂರು ವೃತ್ತ, ಒಂದು ವೃತ್ತದಿಂದ ಹೊರಟು ಮೇಜಿನ ಅಂಚಿನ ಕುಶನ್‌ಗೆ ಬಡಿದು ತಿರುಗುವ ಚುಕ್ಕೆಗೆರೆ. ಚೆಂಡು ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬುದು ಅದರಿಂದ ತಿಳಿಯುತ್ತದೆ. ಹೊಡೆಯುವ ಕೋಲನ್ನು, ಅಂದರೆ ಕ್ಯೂವನ್ನು, ಎಷ್ಟು ಎತ್ತಬೇಕು, ಅದರ ತುದಿಯ ಟಿಪ್ಪು ಚೆಂಡಿನ ಯಾವ ಭಾಗಕ್ಕೆ ತಾಗಬೇಕು, ಹೊಡೆತ ಎಷ್ಟು ಬಿರುಸಾಗಿರಬೇಕು ಎಂಬುದು ತಿಳಿಯುವುದಿಲ್ಲ. ಕಲಾತ್ಮಕ ಬಿಲಿಯರ್ಡ್ಸ್ ಮತ್ತು ಚಮತ್ಕಾರದ ಹೊಡೆತಗಳು ಬೆಳೆದ ಬಗೆಯನ್ನು ನೋಡಿದರೆ, ಪ್ರತಿ ತಲೆಮಾರೂ ಈ ಚಿತ್ರಕ್ಕೆ ಒಂದೊಂದು ಹೊಸ ಮಾಹಿತಿ ಸೇರಿಸುತ್ತ ಬಂದದ್ದು ಕಾಣುತ್ತದೆ.

ಮೊದಲ ಹೆಸರು ಫ್ರಾನ್ಸಿನ ಫ್ರಾಂಸ್ವಾ ಮಿಂಗೋನದು. ಸೈನ್ಯದಲ್ಲಿದ್ದ ಈತ ರಾಜಕೀಯ ಕಾರಣಕ್ಕೆ ಸೆರೆಮನೆ ಸೇರಿ, ಅಲ್ಲಿದ್ದ ಮೇಜಿನ ಮೇಲೆ ಆಡುತ್ತ ಕ್ಯೂ ತುದಿಗೆ ಚರ್ಮದ ಟಿಪ್ಪು ಕೂರಿಸಿದ. ಇದು 1807ರ ಸುಮಾರಿನ ಮಾತು. ಅದುವರೆಗೆ ಬರೀ ಮರದ ತುದಿ ಚೆಂಡಿನ ನಡುವಿನಿಂದ ಸ್ವಲ್ಪ ಸರಿದರೂ ಜಾರುತ್ತಿತ್ತು. ಚರ್ಮ ಹಿಡಿತ ಕೊಟ್ಟಿತು. ಚೆಂಡು ಹಿಂದಕ್ಕೆ ಬರುವುದು, ಬಾಗಿ ಹೋಗುವುದು ಸಾಧ್ಯವಾಯಿತು. 1827ರಲ್ಲಿ ಮಿಂಗೋ ತನ್ನ ಹೊಡೆತಗಳನ್ನು ಚಿತ್ರಪಟಗಳ ಸಮೇತ ಪ್ಯಾರಿಸ್‌ನಲ್ಲಿ ಅಚ್ಚು ಹಾಕಿಸಿದ. ಮೂರು ವರ್ಷದಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಲಂಡನ್ನಿನ ಮೇಜು ತಯಾರಕ ಜಾನ್ ಥರ್ಸ್ಟನ್ ಹೊರತಂದ.

ಅನುವಾದ ತಂದವನು ಮೇಜು ತಯಾರಕ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಊರಿಗೊಂದು ಬಗೆಯ ಮೇಜಿದ್ದರೆ ಒಂದೂರಿನ ಚಿತ್ರ ಇನ್ನೊಂದೂರಿನಲ್ಲಿ ನಡೆಯದು. ಮರದ ಹಲಗೆ ಮಳೆಗಾಲದಲ್ಲಿ ಸೊಟ್ಟಗಾಗುತ್ತಿತ್ತು, ಬಟ್ಟೆ ತುಂಬಿದ ಕುಶನ್ ಚೆಂಡನ್ನು ಸರಿಯಾಗಿ ಚಿಮ್ಮಿಸುತ್ತಿರಲಿಲ್ಲ. ಥರ್ಸ್ಟನ್ 1826ರಲ್ಲಿ ಸ್ಲೇಟ್ ಕಲ್ಲಿನ ಹಾಸು ತಂದ. 1840ರ ದಶಕದಲ್ಲಿ ಗಂಧಕ ಬೆರೆಸಿ ಕಾಯಿಸಿದ ರಬ್ಬರಿನ ಕುಶನ್ ಬಂತು. ಆಮೇಲಷ್ಟೇ ಪುಸ್ತಕದ ಗೆರೆಯನ್ನು ನಂಬಬಹುದಾಯಿತು.

ಮಿಂಗೋನ ಹೊಡೆತಗಳಿಗೆ ಲೆಕ್ಕ ಕಟ್ಟಿದವನು ಗಣಿತಜ್ಞ ಕೊರಿಯೊಲಿಸ್. ಭೂಮಿಯ ತಿರುಗುವಿಕೆಯಿಂದ ಗಾಳಿ ವಾಲುವ ಪರಿಣಾಮಕ್ಕೆ ಇಂದು ಅವನದೇ ಹೆಸರಿದೆ. 1835ರಲ್ಲಿ ಬಿಲಿಯರ್ಡ್ಸ್ ಮೇಲೆ ಅವನು ಬರೆದ ಗ್ರಂಥದಲ್ಲಿ ಕಲಿಯುವವರು ಇಂದಿಗೂ ಬಳಸುವ ಒಂದು ಫಲಿತಾಂಶ ಸಿಗುತ್ತದೆ. ಮಾಸ್ಸೆ, ಅಂದರೆ ಕ್ಯೂವನ್ನು ಹೆಚ್ಚುಕಮ್ಮಿ ನೆಟ್ಟಗೆ ಹಿಡಿದು ಮೇಲಿನಿಂದ ಚುಚ್ಚುವ ಹೊಡೆತದಲ್ಲಿ ಚೆಂಡು ಮೊದಲು ಬಾಗಿ ಓಡಿ ಆಮೇಲೆ ನೇರವಾಗುತ್ತದೆ. ಬಾಗಿದ ಭಾಗ ಪ್ಯಾರಾಬೊಲಾ. ನೇರವಾದ ಮೇಲಿನ ದಿಕ್ಕು ಕಂಡುಕೊಳ್ಳಲು ಕ್ಯೂವಿನ ಗೆರೆಯನ್ನು ಚೆಂಡಿನೊಳಗಿಂದ ಮುಂದುವರಿಸಿ, ಅದು ಬಟ್ಟೆಗೆ ತಾಗುವ ಜಾಗ ಗುರುತಿಸಬೇಕು. ಚೆಂಡು ಕೂತ ಬಿಂದುವಿನಿಂದ ಆ ಜಾಗಕ್ಕೆ ಗೆರೆ ಎಳೆದರೆ, ಚೆಂಡಿನ ಕೊನೆಯ ದಿಕ್ಕು ಅದಕ್ಕೆ ಸಮಾಂತರ. ಹೊಡೆತ ಮೆತ್ತಗಿರಲಿ ಜೋರಾಗಿರಲಿ, ದಿಕ್ಕು ಬದಲಾಗದು; ತಿರುವು ಹತ್ತಿರದಲ್ಲಾಗುತ್ತದೋ ದೂರದಲ್ಲೋ ಎಂಬುದಷ್ಟೇ ಬಲದ ಕೆಲಸ. ಬೆರಗು ಹುಟ್ಟಿಸುವ ಒಂದು ಹೊಡೆತ ಹೀಗೆ ಕಾಗದದ ಮೇಲೆ ಎರಡು ಬಿಂದು, ಒಂದು ಗೆರೆಗೆ ಇಳಿಯಿತು.

ಅಮೆರಿಕದ ಮೈಕಲ್ ಫೆಲನ್ 1850ರಲ್ಲಿ ಬರೆದ ಪುಸ್ತಕದ ಹೆಸರೇ 'ಬಿಲಿಯರ್ಡ್ಸ್ ವಿದೌಟ್ ಎ ಮಾಸ್ಟರ್'. ಮೇಷ್ಟರಿಲ್ಲದ ಊರಿನಲ್ಲೂ ಕಲಿಯಬಹುದೆಂಬ ಭರವಸೆ ಅದರಲ್ಲಿತ್ತು. ವಿಲ್ಲಿ ಹೋಪಿಯ 1941ರ ಪುಸ್ತಕ ಮೇಜಿನ ಅಂಚಿನ ವಜ್ರಾಕಾರದ ಗುರುತುಗಳಿಗೆ ಅಂಕೆ ಕೊಟ್ಟು ಲೆಕ್ಕ ಹಾಕುವ ಪದ್ಧತಿಯನ್ನು ಮನೆಮಾತಾಗಿಸಿತು. ಮೂಲೆಯ ಅಂಕೆ 5 ಎಂದುಕೊಳ್ಳಿ. ಅಲ್ಲಿಂದ ಹೊರಟ ಚೆಂಡು ಮೂರನೆಯ ಕುಶನ್ನಿನ 2ಕ್ಕೆ ಬರಬೇಕಾದರೆ ಮೊದಲ ಕುಶನ್ನಿನ 3ಕ್ಕೆ ಗುರಿ ಇಡಬೇಕು. ಕಳೆಯುವ ಲೆಕ್ಕ ಬಂದರೆ ಸಾಕು, ಮೂರು ಕುಶನ್ ಸುತ್ತುವ ದಾರಿ ಕಣ್ಣಿಗೆ ಕಟ್ಟುತ್ತದೆ.

ಯುರೋಪಿನಲ್ಲಿ ಚಿತ್ರವೇ ಪಂದ್ಯವಾಯಿತು. ಕಲಾತ್ಮಕ ಬಿಲಿಯರ್ಡ್ಸ್‌ನ ಬಹುಕಾಲ ನಡೆದುಬಂದ ಪಟ್ಟಿಯಲ್ಲಿ 76 ನಿಗದಿತ ಹೊಡೆತಗಳು. ಕಷ್ಟಕ್ಕೆ ತಕ್ಕಂತೆ ಒಂದೊಂದಕ್ಕೆ 4ರಿಂದ 11ರವರೆಗೆ ಅಂಕ, ಎಲ್ಲ ಸೇರಿ 500. ಪ್ರತಿ ಹೊಡೆತಕ್ಕೆ ಮೂರು ಅವಕಾಶ. ಚೆಂಡುಗಳ ಜಾಗವನ್ನು ಅಳತೆ ಮಾಡಿ ಇಡುತ್ತಾರೆ, ಆಟಗಾರನ ಮುಂದಿರುವ ಸಮಸ್ಯೆ ಎಲ್ಲರಿಗೂ ಒಂದೇ. ನಮ್ಮ ಶಾಸ್ತ್ರೀಯ ನೃತ್ಯದ ಅಡವುಗಳಂತೆ ಇಲ್ಲೂ ಮೊದಲು ಹೆಸರಿಟ್ಟ ಆಕೃತಿ, ಆಮೇಲೆ ಅದರ ಮೇಲಿನ ಹಿಡಿತ.

ನಮ್ಮ ಕಡೆ ಕಥೆ ಬೇರೆ ದಾರಿ ಹಿಡಿಯಿತು. ಬ್ರಿಟಿಷ್ ಅಧಿಕಾರಿಗಳು ತಂದದ್ದು 12 ಅಡಿ ಉದ್ದದ, ಆರು ಪಾಕೆಟ್ಟಿನ ಮೇಜು. ಜಬಲ್ಪುರದಲ್ಲಿ 1875ರಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಸೇನಾಧಿಕಾರಿ ಸ್ನೂಕರ್ ಆರಂಭಿಸಿದ. ಅದರ ನಿಯಮಗಳು 1882ರಲ್ಲಿ ಗುಂಡ್ಲುಪೇಟೆಯಾಚೆ ಘಟ್ಟ ಹತ್ತಿದರೆ ಸಿಗುವ ಊಟಿಯ ಕ್ಲಬ್ಬಿನಲ್ಲಿ ರೂಪುಗೊಂಡವು. ಗೋವಾದ ನಂಟು ಬೇರೆ: ಅದು 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು, ಮತ್ತು ಪೋರ್ಚುಗಲ್ ಪಾಕೆಟ್ ಇಲ್ಲದ ಕ್ಯಾರಮ್ ಮೇಜಿನ, ಮೂರು ಕುಶನ್ ಆಟದ ನಾಡು. ಆ ಆಟದ ಕೆಂಪು ಚೆಂಡಿನ ಹೆಸರು ಕರಾವಳಿಯ ದಾರೆಹುಳಿ ಹಣ್ಣಿನ ಪೋರ್ಚುಗೀಸ್ ಹೆಸರಾದ 'ಕರಂಬೋಲ'ದಿಂದ ಬಂದಿರಬಹುದೆಂದು ನಿಘಂಟುಕಾರರು ಊಹಿಸುತ್ತಾರೆ. ಗಾರ್ಸಿಯಾ ದ ಓರ್ತ 1563ರಲ್ಲಿ ಗೋವಾದಲ್ಲೇ ಅಚ್ಚು ಹಾಕಿಸಿದ ಔಷಧಿಗ್ರಂಥದಲ್ಲಿ ಆ ಹಣ್ಣಿನ ಪ್ರಸ್ತಾಪ ಇದೆ. ಆದರೂ ಇಂದು ಗೋವಾದ ಹೋಟೆಲುಗಳಲ್ಲಿ ಕಲಿಯುವವರ ಕೈಗೆ ಸುಲಭವಾಗಿ ಸಿಗುವುದು ಚಿಕ್ಕ ಪೂಲ್ ಮೇಜು.

ಹಾಗಾಗಿ ಯುರೋಪಿನ ಚಿತ್ರ ಹಿಡಿದು ನಮ್ಮ ಮೇಜಿನ ಮುಂದೆ ನಿಂತವರು ಮೊದಲು ಹೊಂದಾಣಿಕೆ ಮಾಡಿಕೊಳ್ಳಬೇಕು. ಕ್ಯಾರಮ್ ಮೇಜಿನ ಆಡುವ ಜಾಗ 2.84 ಮೀಟರ್ ಉದ್ದ, 1.42 ಮೀಟರ್ ಅಗಲ; ಚೆಂಡು 61.5 ಮಿಲಿಮೀಟರ್. ಸ್ನೂಕರ್ ಮೇಜು 3.57 ಮೀಟರ್, ಚೆಂಡು 52.5 ಮಿಲಿಮೀಟರ್. ಎರಡರಲ್ಲೂ ಉದ್ದ ಅಗಲದ ದುಪ್ಪಟ್ಟು ಇರುವುದರಿಂದ ಅಂಚನ್ನು ಎಂಟು ಭಾಗ ಮಾಡಿ ಸಣ್ಣ ಟೇಪು ಅಂಟಿಸಿಕೊಂಡರೆ ವಜ್ರದ ಲೆಕ್ಕ ಇಲ್ಲೂ ಶುರುವಾಗುತ್ತದೆ. ಪೂರ್ತಿ ಹೊಂದುವುದಿಲ್ಲ. ಕುಶನ್ನಿನ ಆಕಾರ ಬೇರೆ, ಸ್ನೂಕರ್ ಬಟ್ಟೆಗೆ ಒಂದೇ ದಿಕ್ಕಿಗೆ ಮಲಗಿದ ನವಿರು ಎಳೆ ಇರುತ್ತದೆ, ಮೂಲೆಗೆ ಹೋದ ಚೆಂಡನ್ನು ಪಾಕೆಟ್ ನುಂಗುತ್ತದೆ. ಅಂತರರಾಷ್ಟ್ರೀಯ ಕ್ಯಾರಮ್ ಮೇಜಿನ ಸ್ಲೇಟನ್ನು ಬಿಸಿ ಮಾಡಿ ಬಟ್ಟೆ ಒಣಗಿಸಿಟ್ಟಿರುತ್ತಾರೆ. ಪಣಜಿಯಲ್ಲೋ ಮಂಗಳೂರಿನಲ್ಲೋ ಜುಲೈ ತಿಂಗಳ ತೇವ ಹೀರಿದ ಬಟ್ಟೆಯ ಮೇಲೆ ಅದೇ ಹೊಡೆತದ ಓಟ ಕುಗ್ಗುತ್ತದೆ.

ಭಾರತದಲ್ಲಿ ಪುಸ್ತಕಕ್ಕಿಂತ ಹೆಚ್ಚಾಗಿ ಕಲಿಸಿದವರು ಕ್ಲಬ್ಬಿನ ಮಾರ್ಕರುಗಳು. ಸ್ಕೋರು ಬರೆಯುವುದು, ಚೆಂಡು ಒರೆಸಿ ಜೋಡಿಸುವುದು ಅವರ ಕೆಲಸ. ಸಾಹೇಬರ ಜೊತೆ ಆಡಿ ಆಟ ತಿದ್ದುವುದೂ ಅವರ ಪಾಲಿಗೇ ಬರುತ್ತಿತ್ತು. ಆ ವಿದ್ಯೆ ಕೈಯಿಂದ ಕೈಗೆ ದಾಟಿತು. ಅದನ್ನು ಯಾರೂ ಚಿತ್ರ ಬರೆದಿಡಲಿಲ್ಲವೆಂಬ ಸಂಕಟ ನನಗಿದೆ. ವಿಲ್ಸನ್ ಜೋನ್ಸ್ 1958ರಲ್ಲಿ ಕಲ್ಕತ್ತೆಯಲ್ಲಿ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದ ಮೇಲೆ ದೇಶದಲ್ಲಿ ಆಟಕ್ಕೆ ಹೊಸ ಗೌರವ ಬಂತು. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಹಾಲ್ ತಲೆಮಾರುಗಳನ್ನು ಬೆಳೆಸಿತು. ಅರವಿಂದ ಸವೂರ್ ಅವರ ಬಳಿ ಪಳಗಿದ ಪಂಕಜ್ ಅಡ್ವಾಣಿ 2003ರಲ್ಲಿ ಸ್ನೂಕರ್, 2005ರಲ್ಲಿ ಬಿಲಿಯರ್ಡ್ಸ್ ವಿಶ್ವ ಪ್ರಶಸ್ತಿ ತಂದರು. ತೋಟಗಾರಿಕೆ ಇಲಾಖೆಯಲ್ಲಿ ಟೈಪಿಸ್ಟ್ ಆಗಿದ್ದ ಆರ್. ಉಮಾದೇವಿ ಅವರು ಟೇಬಲ್ ಟೆನಿಸ್ ಆಡಲು ಹೋದ ಕ್ಲಬ್ಬಿನಲ್ಲಿ ಮೇಜು ಖಾಲಿ ಇಲ್ಲದೆ ಕ್ಯೂ ಹಿಡಿದವರು. 2012ರಲ್ಲಿ ಮಹಿಳಾ ಬಿಲಿಯರ್ಡ್ಸ್ ವಿಶ್ವ ಚಾಂಪಿಯನ್ ಆದರು. ಇವರೆಲ್ಲ ಪಂದ್ಯದ ಆಟಗಾರರು. ಚಮತ್ಕಾರದ ಹೊಡೆತ ನಮ್ಮಲ್ಲಿ ಇನ್ನೂ ಆಟ ಮುಗಿದ ಮೇಲಿನ ಮೋಜಾಗಿಯೇ ಉಳಿದಿದೆ.

ಆ ಮೋಜಿನಲ್ಲಿ ಎಷ್ಟು ಕಲಿಕೆ ಅಡಗಿದೆ ಎಂಬುದಕ್ಕೆ ಹೊಸಬರೂ ಮಾಡಬಹುದಾದ ಒಂದು ಹೊಡೆತ ನೋಡಿ. ಎರಡು ಚೆಂಡು ಒಂದಕ್ಕೊಂದು ಅಂಟಿಕೊಂಡಿವೆ. ಅವುಗಳ ನಡುವನ್ನು ಸೇರಿಸುವ ಗೆರೆ ಪಾಕೆಟ್ಟಿನ ಬಲ ಅಂಚಿಗೆ ಹೋಗುತ್ತದೆ, ಅಂದರೆ ಮುಂದಿನ ಚೆಂಡು ನೇರ ಹೋದರೆ ಬೀಳುವುದಿಲ್ಲ. ಹಿಂದಿನ ಚೆಂಡಿನ ಬಲಭಾಗಕ್ಕೆ ಕ್ಯೂ ಬಾಲ್, ಅಂದರೆ ಕ್ಯೂವಿನಿಂದ ಹೊಡೆಯುವ ಚೆಂಡು, ತಾಗಿಸಿ. ಹಿಂದಿನ ಚೆಂಡು ಎಡಕ್ಕೆ ಸರಿಯುವಾಗ ಅದರ ಮೈ ಮುಂದಿನ ಚೆಂಡಿನ ಮೈಯನ್ನು ಉಜ್ಜಿ ಎಡಕ್ಕೆ ಎಳೆಯುತ್ತದೆ. ಚೆಂಡು ಪಾಕೆಟ್ಟಿಗೆ ಬೀಳುತ್ತದೆ. ಮೆತ್ತಗೆ ಹೊಡೆದರೆ ಈ ಎಳೆತ ಹೆಚ್ಚು, ಅಡಿಗೊಂದು ಇಂಚಿನವರೆಗೂ ಬಂದೀತು. ಜೋರಾಗಿ ಹೊಡೆದರೆ ಕಮ್ಮಿ. ಚೆಂಡುಗಳು ತಾಗುವ ಜಾಗಕ್ಕೆ ಬೆರಳು ಒದ್ದೆ ಮಾಡಿ ಸವರಿದರೆ ಘರ್ಷಣೆ ಬಹುಪಾಲು ಹೋಗಿ ಚೆಂಡು ಹೆಚ್ಚುಕಮ್ಮಿ ನೇರ ಓಡುತ್ತದೆ. ಚಾಕ್ ಹತ್ತಿದ್ದರೆ ಇನ್ನಷ್ಟು ಎಡಕ್ಕೆ. ಪುಸ್ತಕದಲ್ಲಿ ಇದಕ್ಕೆ ಇರುವುದು ಮೂರು ವೃತ್ತ, ಒಂದು ಬಾಣ.

ರಾಬರ್ಟ್ ಬರ್ನ್ 1982ರಲ್ಲಿ ಹಳೆಯ ಪುಸ್ತಕಗಳನ್ನೆಲ್ಲ ಜಾಲಾಡಿ ಚಮತ್ಕಾರದ ಹೊಡೆತಗಳ ಸಂಗ್ರಹವನ್ನೇ ತಂದರು. ಈಗ ನಿಧಾನಗತಿಯ ವಿಡಿಯೊ ಬಂದು ವೇಗ, ಕ್ಯೂ ಕೋನ ಎರಡನ್ನೂ ತೋರಿಸುತ್ತಿದೆ. ಆದರೂ ನನ್ನ ಒಲವು ಚಿತ್ರದ ಕಡೆಗೇ. ವಿಡಿಯೊ ಗೆದ್ದ ಹೊಡೆತವನ್ನಷ್ಟೇ ತೋರಿಸುತ್ತದೆ. ಚಿತ್ರ ಹಿಡಿದವರು ಚೆಂಡು ಎಷ್ಟು ತಪ್ಪಿತು, ಯಾವ ಕಡೆ ತಪ್ಪಿತು ಎಂದು ಗೆರೆಯ ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಬಹುದು. ಚೆಂಡಿನ ಜಾಗ ಪ್ರತಿಸಲ ಒಂದೇ ಇರಲು ಕಚೇರಿಯ ಫೈಲಿನ ಕಾಗದದ ತೂತಿಗೆ ಅಂಟಿಸುವ ಬಿಳಿ ಉಂಗುರ ಸಾಕು, ಬಟ್ಟೆಗೂ ಕೇಡಿಲ್ಲ.

ಅಡಚಣೆ ಇರುವುದು ಮಾಸ್ಸೆಗೆ. ಬಟ್ಟೆ ಹರಿಯುವ ಭಯಕ್ಕೆ ಬಹಳ ಕ್ಲಬ್ಬುಗಳು ಅದನ್ನು ಹೊಡೆಯಲು ಬಿಡುವುದೇ ಇಲ್ಲ. ಆ ಭಯ ನ್ಯಾಯವಾದದ್ದೇ, ಬಟ್ಟೆ ದುಬಾರಿ. ಬಟ್ಟೆ ಬದಲಿಸುವ ಹಿಂದಿನ ವಾರ, ಹೇಗೂ ಕಿತ್ತು ಹಾಕಲಿರುವ ಹಳೆಯ ಬಟ್ಟೆಯ ಮೇಲೆ ಹುಡುಗ ಹುಡುಗಿಯರಿಗೆ ಮಾಸ್ಸೆ ಕಲಿಯಲು ಮೇಜು ಬಿಟ್ಟುಕೊಡಬಹುದು. ಕ್ಯೂ ನೆಟ್ಟಗೆ ಹಿಡಿಯಲು ಬೇಕಾದ ಭುಜದ ಅಭ್ಯಾಸ ಅಷ್ಟರಲ್ಲೇ ಶುರುವಾಗುತ್ತದೆ.