ಹರಳು ಹಿಡಿದ ಕೈಗಳು

ನಮ್ಮ ರಾಮದಾಸಪೇಠದಲ್ಲಿ ಆಸ್ಪತ್ರೆಗಳಿಗೂ ಔಷಧದ ಅಂಗಡಿಗಳಿಗೂ ಬರವಿಲ್ಲ. ಆ ಅಂಗಡಿಗಳ ಫ್ರಿಜ್‌ನಲ್ಲಿ ಇನ್ಸುಲಿನ್ ಇದ್ದೇ ಇರುತ್ತದೆ; ನಮ್ಮಲ್ಲಿ ಎಷ್ಟೋ ಮನೆಗಳ ಫ್ರಿಜ್‌ನಲ್ಲೂ ಇರುತ್ತದೆ. ಈ ಇನ್ಸುಲಿನ್ ಅಣುವಿನ ಆಕಾರವನ್ನು ಜಗತ್ತಿಗೆ ತೋರಿಸಿಕೊಟ್ಟ ತಂಡದ ನಾಯಕಿ ಡೊರೊಥಿ ಹಾಡ್ಜ್‌ಕಿನ್. ಅವರ ಬಗ್ಗೆ ಓದುತ್ತಾ ಹೋದಾಗ ನನಗೆ ಇನ್ನೊಂದು ಇತಿಹಾಸವೂ ಸಿಕ್ಕಿತು. ಕಣ್ಣಿಗೆ ಕಂಡೂ ಕಾಣದಷ್ಟು ಪುಟ್ಟದಾದ ಪ್ರೋಟೀನ್ ಹರಳನ್ನು ಎಕ್ಸ್-ರೇ ಕಿರಣದ ಮುಂದೆ ಹಿಡಿದು ನಿಲ್ಲಿಸುವ ಕೆಲಸದ ಇತಿಹಾಸ ಅದು.

ಪ್ರೋಟೀನ್ ಅಣುಗಳು ಒಂದೇ ಕ್ರಮದಲ್ಲಿ ಸಾಲಾಗಿ ಜೋಡಿಸಿಕೊಂಡರೆ ಹರಳಾಗುತ್ತವೆ. ಹರಳಿನ ಮೂಲಕ ಎಕ್ಸ್-ರೇ ಹಾಯಿಸಿದರೆ ಕಿರಣಗಳು ಚದುರಿ, ರಂಗೋಲಿಯಂತೆ ಚುಕ್ಕಿಗಳು ಮೂಡುತ್ತವೆ. ಆ ಚುಕ್ಕಿಗಳಿಂದ ಲೆಕ್ಕ ಹಾಕಿ ಅಣುವಿನ ಆಕಾರ ಕಂಡುಹಿಡಿಯುತ್ತಾರೆ. ಆದರೆ ಇದು ಕಲ್ಲುಸಕ್ಕರೆಯಂಥ ಗಟ್ಟಿ ಹರಳಲ್ಲ. ಸಾಮಾನ್ಯವಾಗಿ ಇದರ ಅರ್ಧದಷ್ಟು ಭಾಗ ನೀರು. ಒಣಗಿತೋ, ಒಳಗಿನ ಸಾಲು ಕೆಡುತ್ತದೆ.

ಇದು ಸ್ಪಷ್ಟವಾದದ್ದು 1934ರಲ್ಲಿ. ಸ್ವೀಡನ್ನಿನ ಉಪ್ಸಾಲಾದಲ್ಲಿ ಬೆಳೆದ ಪೆಪ್ಸಿನ್ ಹರಳುಗಳು ಕೇಂಬ್ರಿಜ್‌ನ ಜೆ. ಡಿ. ಬರ್ನಾಲ್ ಅವರ ಕೈಸೇರಿದವು. ಅವುಗಳನ್ನು ಹುಟ್ಟಿದ ದ್ರಾವಣದಲ್ಲೇ ಒದ್ದೆಯಾಗಿಟ್ಟು ಚಿತ್ರ ತೆಗೆದಾಗ ಚುಕ್ಕಿಗಳು ತುಂಬಿಕೊಂಡವು. ಅವರ ವಿದ್ಯಾರ್ಥಿನಿ ಡೊರೊಥಿ ಆ ದಿನ ಪ್ರಯೋಗಾಲಯದಲ್ಲಿ ಇರಲಿಲ್ಲ. ಕೈಬೆರಳುಗಳ ನೋವಿಗಾಗಿ ಲಂಡನ್ನಿನಲ್ಲಿ ವೈದ್ಯರ ಬಳಿ ಹೋಗಿದ್ದರು. ಮರಳಿ ಬಂದು ಕೆಲಸ ಮುಂದುವರಿಸಿದರು. ಅದೇ ವರ್ಷ ಇಬ್ಬರ ಹೆಸರಿನಲ್ಲೂ ‘ನೇಚರ್’ ಪತ್ರಿಕೆಯಲ್ಲಿ ವರದಿ ಬಂತು. ಮುಂದೆ ಅರ್ಧ ಶತಮಾನ ಇದೇ ರೂಢಿಯಾಯಿತು: ತೀರ ತೆಳು ಗಾಜಿನ ನಳಿಗೆಯೊಳಗೆ ಹರಳು, ಜೊತೆಗೆ ಒಂದು ಹನಿ ದ್ರಾವಣ, ಎರಡೂ ತುದಿಗೆ ಮೇಣದ ಮುಚ್ಚಳ.

ಆ ನೋವು ಸಂಧಿವಾತ. ಆಗ ಡೊರೊಥಿಗೆ ವಯಸ್ಸು 24. ಬೆರಳುಗಳು ಕ್ರಮೇಣ ಸೊಟ್ಟಗಾದವು. ಎಕ್ಸ್-ರೇ ಯಂತ್ರದ ಸ್ವಿಚ್ ಒತ್ತಲಾಗದೆ ಅದಕ್ಕೆ ಉದ್ದನೆಯ ಹಿಡಿ ಮಾಡಿಸಿಕೊಂಡರು. ಇನ್ಸುಲಿನ್ನಿನ ಮೊದಲ ಚಿತ್ರ ತೆಗೆದದ್ದು 1935ರಲ್ಲಿ, ಅದರ ರಚನೆ ಬಿಡಿಸಿದ್ದು 1969ರಲ್ಲಿ. ನಡುವೆ, 1964ರಲ್ಲಿ, ನೊಬೆಲ್ ಬಂತು. ಇನ್ಸುಲಿನ್ ತಂಡದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌.ಡಿ. ಮಾಡಿದ್ದ ಎಂ. ವಿಜಯನ್ ಇದ್ದರು. ಅವರು 1971ರಲ್ಲಿ ಅದೇ ಸಂಸ್ಥೆಗೆ ಮರಳಿ ಈ ವಿದ್ಯೆಯನ್ನು ಬೆಳೆಸಿದರು. ಅವರ ತಂಡ ಬಿಡಿಸಿದ ರಚನೆಗಳಲ್ಲಿ ನಮ್ಮ ಅಡುಗೆಮನೆಯ ಸಾಮಾನುಗಳೇ ಇವೆ: 1994ರಲ್ಲಿ ಕಡಲೆಕಾಯಿಯ ಒಂದು ಪ್ರೋಟೀನ್, 1996ರಲ್ಲಿ ಹಲಸಿನ ಬೀಜದ ಜಾಕಲಿನ್.

ನಳಿಗೆಯಲ್ಲಿ ಒಂದು ತೊಂದರೆ ಇತ್ತು. ಚಿತ್ರ ಕೊಡುವ ಎಕ್ಸ್-ರೇಯೇ ಹರಳನ್ನು ಹಾಳುಮಾಡುತ್ತದೆ. ತಂಪು ಮಾಡಿದರೆ ಹಾನಿ ನಿಧಾನವಾಗುತ್ತದೆ, ಆದರೆ ಒಳಗಿನ ನೀರು ಮಂಜುಗಡ್ಡೆಯಾದರೆ ಹರಳು ಒಡೆಯುತ್ತದೆ. 1970ರಲ್ಲಿ ಹಾಸ್ ಮತ್ತು ರಾಸ್‌ಮನ್ ಹರಳನ್ನು ಸಕ್ಕರೆ ದ್ರಾವಣದಲ್ಲಿ ನೆನೆಸಿ ಮೈನಸ್ 75 ಡಿಗ್ರಿಗೆ ಇಳಿಸಿದರು. 1980ರ ದಶಕದಲ್ಲಿ ಹೋಕನ್ ಹೋಪ್ ಹರಳಿಗೆ ಎಣ್ಣೆಯ ಹೊದಿಕೆ ಕೊಟ್ಟು, ಥಟ್ಟನೆ ತಣಿಸುವ ಕ್ರಮ ರೂಪಿಸಿದರು. 1990ರಲ್ಲಿ ಸು-ಯಿ ಟೆಂಗ್ ಪುಟ್ಟ ಕುಣಿಕೆಯ ಉಪಾಯ ತೋರಿಸಿದರು. ಮಕ್ಕಳು ಸಾಬೂನಿನ ಗುಳ್ಳೆ ಊದುವ ಬಳೆಯಲ್ಲಿ ನೀರಿನ ಪೊರೆ ನಿಲ್ಲುತ್ತದಲ್ಲ, ಹಾಗೆಯೇ ಕುಣಿಕೆಯ ಪೊರೆಯಲ್ಲಿ ಹರಳು ನಿಲ್ಲುತ್ತದೆ. ಇಂದು ಕೂದಲಿಗಿಂತ ತೆಳುವಾದ ನೈಲಾನ್ ಎಳೆಯ ಕುಣಿಕೆ ಬಳಸುತ್ತಾರೆ. ಗ್ಲಿಸರಿನ್‌ನಂಥದ್ದನ್ನು ಬೆರೆಸಿ ಥಟ್ಟನೆ ತಣಿಸಿದರೆ ನೀರು ಗಡ್ಡೆ ಕಟ್ಟದೆ ಗಾಜಿನಂತಾಗುತ್ತದೆ. ಆಮೇಲೆ ಸುಮಾರು ಮೈನಸ್ 173 ಡಿಗ್ರಿಯ ಗಾಳಿಯಲ್ಲಿ ಚಿತ್ರ ತೆಗೆಯುತ್ತಾರೆ.

ಈ ಚಳಿಯ ವಿದ್ಯೆಯನ್ನು ದೊಡ್ಡ ಪ್ರಶ್ನೆಗೆ ಒಡ್ಡಿದವರು ಇಸ್ರೇಲಿನ ಅದಾ ಯೋನಾಥ್. ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮ್‌ನ ಹರಳು ಕಿರಣ ತಾಗಿದೊಡನೆ ಸಾಯುತ್ತಿತ್ತು. ಹೋಪ್ ಜೊತೆಗೂಡಿ ಅದನ್ನು ತೆಳು ಗಾಜಿನ ಪುಟ್ಟ ಸೌಟಿನಂಥ ಸಾಧನದಲ್ಲಿ ಹಿಡಿದು ತಣಿಸಿದರು. 2009ರಲ್ಲಿ ವೆಂಕಟರಾಮನ್ ರಾಮಕೃಷ್ಣನ್ ಮತ್ತು ಥಾಮಸ್ ಸ್ಟೈಟ್ಜ್ ಜೊತೆ ಅವರಿಗೆ ನೊಬೆಲ್ ಬಂತು. ರಸಾಯನಶಾಸ್ತ್ರದಲ್ಲಿ ಡೊರೊಥಿಯ ನಂತರ ಮತ್ತೊಬ್ಬ ಮಹಿಳೆಗೆ ನೊಬೆಲ್ ಸಿಗಲು 45 ವರ್ಷ ಬೇಕಾಯಿತು.

“ಹೆಂಗಸರ ಕೈ ನಾಜೂಕು, ಇಂಥ ಕೆಲಸ ಅವರಿಗೇ ಸರಿ” ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ನನ್ನ ಸಾಫ್ಟ್‌ವೇರ್ ಕ್ಷೇತ್ರದಲ್ಲೂ “ಅವರಿಗೆ ತಾಳ್ಮೆ ಜಾಸ್ತಿ” ಎಂದು ಹೊಗಳಿಯೇ ಹೆಣ್ಣುಮಕ್ಕಳಿಗೆ ಸಣ್ಣ ಕೆಲಸ ಕೊಡುವುದುಂಟು. ಡೊರೊಥಿಯ ಕೈ ನಾಜೂಕಾಗಿರಲಿಲ್ಲ, ನೋಯುತ್ತಿತ್ತು. ಅವರಲ್ಲಿದ್ದದ್ದು ಪ್ರಶ್ನೆಯೊಂದನ್ನು 34 ವರ್ಷ ಕೈಬಿಡದ ಛಲ, ಚುಕ್ಕಿಗಳಲ್ಲಿ ಅಣುವನ್ನು ಕಾಣುವ ಬುದ್ಧಿ. ನಮ್ಮ ಪಕ್ಕದ ಮಧ್ಯಪ್ರದೇಶದ ಇಂದೋರಿನಲ್ಲಿರುವ ಇಂಡಸ್-2 ಯಂತ್ರದಲ್ಲಿ ಪ್ರೋಟೀನ್ ಹರಳುಗಳಿಗೆಂದೇ ಒಂದು ಎಕ್ಸ್-ರೇ ಕಿರಣದ ವ್ಯವಸ್ಥೆ ಇದೆ. ನಮ್ಮ ಮನೆಯ ಹುಡುಗಿಯರಲ್ಲಿ ಯಾರಾದರೂ ಮುಂದೆ ಅಲ್ಲಿ ಕುಣಿಕೆ ಹಿಡಿದು ನಿಂತರೆ, ಕೈಯನ್ನು ಹೊಗಳುವ ಮೊದಲು ಅವಳ ಪ್ರಶ್ನೆ ಏನೆಂದು ಕೇಳೋಣ.