ಅಸಲು, ನಕಲು ಮತ್ತು ಜೀಡಿಮೆಟ್ಲಾದ ಎರಕ

ಹೈದರಾಬಾದಿನ ಉತ್ತರಕ್ಕಿರುವ ಜೀಡಿಮೆಟ್ಲಾ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಔಷಧ ಕಾರ್ಖಾನೆಗಳು. ಅವುಗಳ ನಡುವೆಯೇ ಎರಕದ ಮನೆಗಳೂ ಲೇತ್ ಯಂತ್ರಗಳ ಸಣ್ಣ ಶೆಡ್ಡುಗಳೂ ಇವೆ. ನೆರೆಯ ಚಿಂತಲ್‌ನಲ್ಲಿ 1960ರ ದಶಕದಲ್ಲಿ ಬೆಂಗಳೂರಿನ ಎಚ್‌ಎಂಟಿ ತನ್ನದೊಂದು ಘಟಕ ತೆರೆಯಿತು. ಬಾಲಾನಗರದಲ್ಲಿ 1968ರಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್ ಆರಂಭವಾಯಿತು. ಇಂಥ ನೆರೆಹೊರೆಯಲ್ಲಿ ಹಳೆಯ ಕಾರಿನ ಮುರಿದ ಭಾಗವೊಂದನ್ನು ಮಾದರಿಗೆಂದು ಕೊಟ್ಟರೆ ಅದರಂತೆಯೇ ಇನ್ನೊಂದನ್ನು ಮಾಡಿಕೊಡಬಲ್ಲ ಕೈಗಳಿಗೆ ಕೊರತೆಯಿಲ್ಲ. ಆದರೆ ಆ ಹೊಸದು ನಾಲ್ಕು ಕೈ ದಾಟಿ, ಎಣ್ಣೆ ಜಿಡ್ಡು ಹಿಡಿದು, ಮಾರುಕಟ್ಟೆಯಲ್ಲಿ ‘ಕಂಪನಿಯದೇ’ ಎಂಬ ಹೆಸರು ಪಡೆದ ಮೇಲೆ ಅದನ್ನು ಗುರುತಿಸುವುದು ಹೇಗೆ?

ಮೊದಲ ಸಾಕ್ಷಿ ಲೋಹದ ಗುಣದಲ್ಲೇ ಇದೆ. ಕರಗಿದ ಲೋಹ ತಣಿಯುವಾಗ ಕುಗ್ಗುತ್ತದೆ. ಬೀಡು ಕಬ್ಬಿಣ ಸುಮಾರು ನೂರಕ್ಕೆ ಒಂದು ಪಾಲು, ಅಲ್ಯುಮಿನಿಯಂ ಸುಮಾರು 1.3 ಪಾಲು, ಹಿತ್ತಾಳೆ ಇನ್ನೂ ತುಸು ಹೆಚ್ಚು. ಆದ್ದರಿಂದಲೇ ಅಚ್ಚಿನ ಮಾದರಿ ಮಾಡುವ ಬಡಗಿಯ ಬಳಿ ಬೇರೆಯದೇ ಅಳತೆಪಟ್ಟಿ ಇರುತ್ತಿತ್ತು. ಅದರ ಒಂದು ಅಂಗುಲ ನಮ್ಮ ಅಂಗುಲಕ್ಕಿಂತ ಕೂದಲೆಳೆಯಷ್ಟು ಉದ್ದ. ಮರದ ಮಾದರಿ ಅಷ್ಟು ದೊಡ್ಡದಾಗಿದ್ದರೆ ಮಾತ್ರ ಎರಕ ಸರಿಯಾದ ಅಳತೆಗೆ ಬರುತ್ತದೆ. ಅವಸರದ ನಕಲುಗಾರ ಈ ಶ್ರಮ ಪಡುವುದಿಲ್ಲ. ಅಸಲು ಭಾಗವನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುತ್ತಾನೆ. ಆಗ 300 ಮಿಲಿಮೀಟರ್ ಉದ್ದದ ಅಲ್ಯುಮಿನಿಯಂ ಭಾಗ ಸುಮಾರು 4 ಮಿಲಿಮೀಟರ್ ಗಿಡ್ಡವಾಗಿ ಹೊರಬರುತ್ತದೆ. ಬೋಲ್ಟಿನ ತೂತುಗಳು ಒಂದಕ್ಕೊಂದು ಕೂಡುವುದಿಲ್ಲ; ಅವುಗಳನ್ನು ಅರದಿಂದ ಉಜ್ಜಿ ಮೊಟ್ಟೆಯಾಕಾರ ಮಾಡಿದ ಗುರುತು ಉಳಿಯುತ್ತದೆ. ಉಬ್ಬಕ್ಷರಗಳ ಅಂಚು ಮೊಂಡಾಗುತ್ತದೆ. ನಕಲಿನ ನಕಲಾದರೆ ದೋಷ ಇಮ್ಮಡಿ.

ಇದನ್ನು ಓದುವಾಗ ನಮ್ಮ ಶಾಸನತಜ್ಞರು ನೆನಪಾದರೆ ಆಶ್ಚರ್ಯವಿಲ್ಲ. ಗಂಗರ ತಾಮ್ರಪಟಗಳ ವಿಚಾರದಲ್ಲಿ ಫ್ಲೀಟ್ ಮತ್ತು ಬಿ. ಎಲ್. ರೈಸ್ ನಡುವೆ ನಡೆದ ವಾದ ಕನ್ನಡ ವಿದ್ವತ್ತಿಗೆ ಪರಿಚಿತ. ಅವುಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟ್ ಹೇಳಿದಾಗ ಅವರು ನೋಡಿದ್ದು ಪಟ ಯಾವ ಕಾಲದ್ದೆಂದು ಹೇಳಿಕೊಳ್ಳುತ್ತದೆ ಎಂಬುದನ್ನಷ್ಟೇ ಅಲ್ಲ, ಅದರ ಲಿಪಿ ಯಾವ ಕಾಲದ್ದು ಎಂಬುದನ್ನೂ. ಕೂಟಕಾರ ಎಷ್ಟೇ ಜಾಣನಾದರೂ ಬರೆಯುವುದು ತನ್ನ ಶತಮಾನದ ಕೈಬರಹದಲ್ಲಿ. ಕಾರಿನ ಭಾಗಕ್ಕೂ ಇದೇ ಪರೀಕ್ಷೆ. ಕಾರುಗಳ ಮೇಲೆ ಕ್ರೋಮ್ ಲೇಪ ವ್ಯಾಪಕವಾದದ್ದು 1920ರ ದಶಕದ ಕೊನೆಗೆ. ಅದಕ್ಕೆ ಮುಂಚೆ ಇದ್ದದ್ದು ತುಸು ಹಳದಿ ಛಾಯೆಯ ನಿಕ್ಕೆಲ್. 1912ರ ಕಾರಿನ ದೀಪದ ಸುತ್ತ ನೀಲಿ ಮಿಂಚಿನ ಕ್ರೋಮ್ ಕಂಡರೆ ಅದು ಮರುಲೇಪ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ. ನಕ್ಷತ್ರದಂಥ ಗೀಟಿನ ಫಿಲಿಪ್ಸ್ ಸ್ಕ್ರೂ ಕಾರಿಗೆ ಬಂದದ್ದು 1930ರ ದಶಕದ ನಡುವಿನಲ್ಲಿ. ಇಂಗ್ಲೆಂಡಿನ ಲ್ಯೂಕಾಸ್ ಕಂಪನಿ ತನ್ನ ಡೈನಮೊ, ಸ್ಟಾರ್ಟರ್‌ಗಳ ಕವಚದ ಮೇಲೆ ತಿಂಗಳು ಮತ್ತು ವರ್ಷದ ಅಂಕಿಗಳನ್ನು ಒತ್ತುತ್ತಿತ್ತು. 1949ರ ಕಾರಿನಲ್ಲಿ 53ರ ಮುದ್ರೆಯಿದ್ದರೆ ಭಾಗ ಅಸಲೇ, ಕಾರಿನದು ಮಾತ್ರ ಅಲ್ಲ.

ಆದರೆ ಅರೆಬರೆ ತಿಳಿವಳಿಕೆ ಇಲ್ಲಿ ಅಜ್ಞಾನಕ್ಕಿಂತ ಅಪಾಯಕಾರಿ. ಹಳೆಯ ಇಂಗ್ಲಿಷ್ ಕಾರಿನಲ್ಲಿ ವಿಟ್‌ವರ್ತ್ ಥ್ರೆಡ್ ಇರಬೇಕು, ಅದರ ಕೋನ 55 ಡಿಗ್ರಿ; 60 ಡಿಗ್ರಿಯ ಮೆಟ್ರಿಕ್ ಥ್ರೆಡ್ ಕಂಡರೆ ನಕಲು ಎಂಬ ಸೂತ್ರ ಬಹಳ ಪ್ರಚಲಿತ. ಮಾರಿಸ್ ಕಾರಿನ ಎದುರು ಈ ಸೂತ್ರ ಸೋಲುತ್ತದೆ. ಮಾರಿಸ್ 1923ರಲ್ಲಿ ಕೊಂಡ ಎಂಜಿನ್ ಕಾರ್ಖಾನೆ ಫ್ರೆಂಚ್ ಮೂಲದ ಹಾಚ್‌ಕಿಸ್‌ನದು. ಅಲ್ಲಿನ ಯಂತ್ರಗಳು ಕೊರೆಯುತ್ತಿದ್ದದ್ದು ಮೆಟ್ರಿಕ್ ಥ್ರೆಡ್. ಇಂಗ್ಲಿಷ್ ಮೆಕ್ಯಾನಿಕ್‌ನ ಸ್ಪ್ಯಾನರ್ ಕೂರಲೆಂದು ಬೋಲ್ಟಿನ ತಲೆ ಮಾತ್ರ ವಿಟ್‌ವರ್ತ್ ಅಳತೆಯದು. ಈ ವಿಚಿತ್ರ ಸಂಕರ ಮಾರಿಸ್ 10ರ ಎಂಜಿನ್ನಿನಲ್ಲೂ ಇತ್ತು, ಮತ್ತು ನಮ್ಮ ಹಿಂದೂಸ್ತಾನ್ 10 ಆ ಕಾರಿನ ಭಾರತೀಯ ರೂಪವೇ. 8 ಮಿಲಿಮೀಟರ್ ಬೋಲ್ಟಿಗೆ ಇಂದು ಸಾಮಾನ್ಯವಾದ ಥ್ರೆಡ್ಡಿನ ಅಂತರ 1.25 ಮಿಲಿಮೀಟರ್, ಆ ಎಂಜಿನ್ನಿನಲ್ಲಿ 1 ಮಿಲಿಮೀಟರ್. ಇದನ್ನರಿಯದವರು ಅಸಲು ಬೋಲ್ಟುಗಳನ್ನು ನಕಲೆಂದು ಗುಜರಿಗೆ ಹಾಕಿ, ಅಂಗಡಿಯ ಬೋಲ್ಟನ್ನು ಬಲವಂತವಾಗಿ ತಿರುಗಿಸಿ ಎಂಜಿನ್ನಿನ ತೂತನ್ನೇ ಕೆಡಿಸುತ್ತಾರೆ.

ನಮ್ಮ ದೇಶದ ಹಳೆಯ ಕಾರುಗಳಲ್ಲಿ ಮರುತಯಾರಿಯ ಭಾಗಗಳು ಇಷ್ಟೊಂದು ಏಕಿವೆ ಎಂಬುದಕ್ಕೆ ಉತ್ತರ ಮೋಸದಲ್ಲಿಲ್ಲ, ಆಮದು ನೀತಿಯಲ್ಲಿದೆ. ಜನರಲ್ ಮೋಟಾರ್ಸ್ 1928ರಿಂದ ಮುಂಬೈಯಲ್ಲಿ ಕಾರು ಜೋಡಿಸುತ್ತಿತ್ತು. ಸ್ವಾತಂತ್ರ್ಯಾನಂತರ, 1949ರಲ್ಲಿ ಪೂರ್ಣ ವಾಹನಗಳ ಆಮದು ನಿಂತಿತು. ಇಲ್ಲೇ ಭಾಗಗಳನ್ನು ತಯಾರಿಸುವ ಯೋಜನೆಯುಳ್ಳ ಕಂಪನಿಗಳು ಮಾತ್ರ ಉಳಿಯಬೇಕೆಂಬ ಸುಂಕ ಆಯೋಗದ ಶಿಫಾರಸು 1953ರಲ್ಲಿ ಬಂತು. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಹೊರಟುಹೋದವು. ಅವುಗಳ ಷೆವರ್ಲೆ, ಬ್ಯೂಕ್, ಫೋರ್ಡ್ ಕಾರುಗಳು ಮಾತ್ರ ಉಳಿದವು, ತಾಯಿಮನೆ ಇಲ್ಲದ ಮಕ್ಕಳಂತೆ. ಅವುಗಳನ್ನು ಓಡಿಸಿದವರು ಬೆಂಗಳೂರಿನ ಜೆ.ಸಿ. ರಸ್ತೆಯ, ಸಿಕಂದರಾಬಾದಿನ ರಾಣಿಗಂಜಿನ ಬಿಡಿಭಾಗದ ವ್ಯಾಪಾರಿಗಳು ಮತ್ತು ಹೆಸರಿಲ್ಲದ ಟರ್ನರ್‌ಗಳು. ಜತೆಗೆ ಪರವಾನಗಿ ಪಡೆದ ಸ್ವದೇಶಿ ತಯಾರಕರೂ ಬಂದರು: ಬೆಂಗಳೂರಿನಲ್ಲಿ ಮೈಕೊ, 1961ರಲ್ಲಿ ಮದರಾಸಿನಲ್ಲಿ ಲ್ಯೂಕಾಸ್–ಟಿವಿಎಸ್. ಅಂಬಾಸಡರ್ ಕಾರಿಗೆ ಲ್ಯೂಕಾಸ್–ಟಿವಿಎಸ್ ಡೈನಮೊ ಅಸಲೇ ಆಗಬಹುದು. ಅದರ ಹಿರಿಯಣ್ಣನಂಥ, 1956ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಮಾರಿಸ್ ಆಕ್ಸ್‌ಫರ್ಡಿಗೆ ಅದೇ ಡೈನಮೊ ಬದಲಿ ಭಾಗ. ಅಸಲು ಎಂಬುದು ವಸ್ತುವಿನೊಳಗಿನ ಗುಣವಲ್ಲ, ವಸ್ತುವಿಗೂ ಕಾರಿಗೂ ಇರುವ ಸಂಬಂಧ.

ಈ ಕಾರಣಕ್ಕೇ ನನಗೊಂದು ತಕರಾರಿದೆ. ಹಳೆಯ ಕಾರನ್ನು ಜೀರ್ಣೋದ್ಧಾರ ಮಾಡುವವರು 1950ರ ದಶಕದಲ್ಲಿ ನಮ್ಮ ಟರ್ನರ್ ಒಬ್ಬ ಕೈಯಿಂದ ಕಡೆದ ಹಿತ್ತಾಳೆಯ ಭಾಗವನ್ನು ‘ಲೋಕಲ್’ ಎಂದು ಕಿತ್ತೆಸೆದು, ಕಳೆದ ವರ್ಷ ವಿದೇಶದಲ್ಲಿ ತಯಾರಾದ ಹೊಳೆಯುವ ಪ್ರತಿಕೃತಿಯನ್ನು ಜೋಡಿಸುತ್ತಾರೆ. ಹಾಗೆ ಮಾಡಿ ಕಾರು ಅಸಲಿಗೆ ಹತ್ತಿರವಾಯಿತೆಂದು ನಂಬುತ್ತಾರೆ. ಎರಡೂ ಬದಲಿ ಭಾಗಗಳೇ. ಮೊದಲನೆಯದು ಆ ಕಾರು ಈ ನೆಲದಲ್ಲಿ ಹೇಗೆ ಬದುಕಿತು ಎಂಬುದರ ದಾಖಲೆ, ಎರಡನೆಯದು ಏನನ್ನೂ ದಾಖಲಿಸುವುದಿಲ್ಲ.

ಪ್ರಶ್ನೆ ಈಗ ಸಂಗ್ರಾಹಕರ ಹಟಕ್ಕಷ್ಟೇ ಸೀಮಿತವಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಕಾರು ಅಥವಾ ದ್ವಿಚಕ್ರ ವಾಹನ ‘ವಿಎ’ ಅಕ್ಷರಗಳ ವಿಶೇಷ ಫಲಕ ಪಡೆಯಬಹುದು. ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ವಾಹನ ಮೂಲರೂಪದಲ್ಲಿರಬೇಕು; ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಹಳೆಯ ಸಂಖ್ಯಾಫಲಕವೊಂದನ್ನು ಹಿಡಿದು, ಹತ್ತಾರು ಕಡೆಯ ತುಣುಕು ಸೇರಿಸಿ, ಇಲ್ಲದ ಕಾರನ್ನು ಹುಟ್ಟಿಸುವ ಆಸೆಗೆ ಇಲ್ಲಿ ದಾರಿ ತೆರೆಯುತ್ತದೆ. ಅಂಥವರು ಹೊಸ ಲೋಹಕ್ಕೆ ಉಪ್ಪುನೀರು, ಆಮ್ಲ ಸುರಿದು ತುಕ್ಕು ಬರಿಸುತ್ತಾರೆ. ಆ ತುಕ್ಕು ಎಲ್ಲೆಡೆ ಒಂದೇ ಸಮ ಹರಡಿರುತ್ತದೆ. ನಿಜವಾದ ವಯಸ್ಸು ಹಾಗೆ ಕೂರುವುದಿಲ್ಲ: ಕೈ ತಾಗುವಲ್ಲಿ ಸವೆತ, ಎಣ್ಣೆ ಸೋರಿದಲ್ಲಿ ನುಣುಪು, ವಾಷರ್ ಅಡಿಯಲ್ಲಿ ಮೊದಲ ಬಣ್ಣದ ಉಂಗುರ.

ಅಳತೆಯ ಪರೀಕ್ಷೆಗೂ ಈಚೆಗೆ ಮಿತಿ ಬಂದಿದೆ. ಅಸಲನ್ನು ಸ್ಕ್ಯಾನ್ ಮಾಡಿ, ಕುಗ್ಗುವಿಕೆಯನ್ನು ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ಮಾದರಿ ಕೊರೆದರೆ ಆ 4 ಮಿಲಿಮೀಟರ್ ಮಾಯ. ಆಗ ಉಳಿಯುವುದು ಲೋಹದ ಕುಲಶೋಧನೆ. ಎಕ್ಸ್–ಕಿರಣದಿಂದ ಮಿಶ್ರಲೋಹದ ಪ್ರಮಾಣ ಓದುವ, ಕೈಯಲ್ಲಿ ಹಿಡಿಯುವಂಥ ಉಪಕರಣಗಳಿವೆ, ಗುಜರಿ ವ್ಯಾಪಾರದಲ್ಲೂ ಅವು ಬಳಕೆಯಲ್ಲಿವೆ.

ಹಾಗೆಂದು ಮರುತಯಾರಿ ತಪ್ಪಲ್ಲ. ಅದಿಲ್ಲದೆ ಈ ಕಾರುಗಳು ಓಡುವುದೂ ಇಲ್ಲ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟದ ಟ್ಯೂರಿನ್ ಸನ್ನದು ಕೇಳುವುದು ಇಷ್ಟೇ: ಹೊಸದಾಗಿ ಮಾಡಿದ ಭಾಗದ ಮೇಲೆ ಅಳಿಯದ ಗುರುತಿರಲಿ. ಎರಕದ ಮನೆಗೆ ಇದು ದುಬಾರಿಯ ಕೆಲಸವೇನಲ್ಲ. ಮರದ ಮಾದರಿಯ ಒಳಬದಿಯಲ್ಲಿ, ಹೊರಗೆ ಕಾಣದ ಕಡೆ, ವರ್ಷದ ಅಂಕಿಗಳನ್ನು ಅಂಟಿಸಿದರೆ ಸಾಕು. ಮರಳಿನಲ್ಲಿ ಅವು ತಿರುವುಮುರುವಾಗಿ ಮೂಡಿ, ಎರಕದಲ್ಲಿ ಮತ್ತೆ ನೇರವಾಗುತ್ತವೆ.