ಘಾಟಿ ಇಳಿಯುವ ಮುನ್ನ ಪೆಡಲಿನ ಮಾತು

ನರಸಿಂಹರಾಜಪುರದಿಂದ ಕಾರಿನಲ್ಲಿ ಉಡುಪಿಯ ಕಡೆಗೆ ಹೊರಟವರು ಕೊಪ್ಪ ಹಾದು ಆಗುಂಬೆಗೆ ಬಂದರೆ ಮುಂದಿನದು ಕಡಿದಾದ ಇಳಿಜಾರು. 14 ಹೇರ್‌ಪಿನ್ ತಿರುವುಗಳನ್ನು ಇಳಿದು ಸೋಮೇಶ್ವರ ಮುಟ್ಟುವಷ್ಟರಲ್ಲಿ ಕೆಲವು ಕಾರುಗಳ ಚಕ್ರದಿಂದ ಸುಟ್ಟ ವಾಸನೆ ಬರುವುದುಂಟು. ಬಯಲುಸೀಮೆಯಲ್ಲಿ ವರ್ಷಗಟ್ಟಲೆ ಅಡಗಿ ಕೂತಿದ್ದ ಬ್ರೇಕಿನ ದೋಷ ಘಾಟಿಯಲ್ಲಿ ಹತ್ತು ನಿಮಿಷಕ್ಕೇ ಹೊರಬೀಳುತ್ತದೆ. ಹೊರಬೀಳುವ ಜಾಗ ಮಾತ್ರ ಒಳ್ಳೆಯದಲ್ಲ. ಅದನ್ನು ಮನೆಯಂಗಳದಲ್ಲೇ ಕಂಡುಕೊಳ್ಳಬಹುದು. ಅದಕ್ಕೆ ಬ್ರೇಕು ಬೆಳೆದುಬಂದ ಬಗೆಯನ್ನು ಸ್ವಲ್ಪ ತಿಳಿದಿರಬೇಕು, ಅಷ್ಟೆ.

1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಪಡೆಯುವ ಮುನ್ನ ಈ ಊರು ಎಡೇಹಳ್ಳಿ. ತರೀಕೆರೆಯಿಂದ ಇಲ್ಲಿಗೆ ಟ್ರಾಮ್ ರೈಲು ಬರುತ್ತಿದ್ದ ಕಾಲವೂ ಇತ್ತು. ಅದು ಹೋದ ಮೇಲೆ ರಸ್ತೆಯೇ ಗತಿ. ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿ ನಿಂತಾಗ ಅದರ ಕಾರ್ಮಿಕರೇ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ‘ಸಹಕಾರ ಸಾರಿಗೆ’ ಈ ಭಾಗದ ಜನರನ್ನು ಬಹುಕಾಲ ಹೊತ್ತು ತಿರುಗಿತು. 2020ರಲ್ಲಿ ಅದೂ ನಿಂತಿತು. ಬಸ್ಸಿನ ಬ್ರೇಕನ್ನು ನೋಡಿಕೊಳ್ಳಲು ಚಾಲಕರಿದ್ದರು, ಮೆಕ್ಯಾನಿಕ್‌ಗಳಿದ್ದರು. ಸ್ವಂತ ಕಾರಿನ ಬ್ರೇಕಿಗೆ ಒಡೆಯನೇ ದಿಕ್ಕು.

ಇಳಿಜಾರಿನಲ್ಲಿ ಗಾಡಿಯ ಚಕ್ರಕ್ಕೆ ಮರದ ತುಂಡನ್ನು ಒತ್ತಿ ಹಿಡಿಯುವುದು ಹಳೆಯ ಉಪಾಯ. ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ರೈತರು ಆ ಮರಕ್ಕೆ ಹಳೆಯ ಬೂಟಿನ ತೊಗಲು ಬಡಿಯುತ್ತಿದ್ದುದನ್ನು ಹರ್ಬರ್ಟ್ ಫ್ರೂಡ್ ಎಂಬಾತ ಗಮನಿಸಿದನಂತೆ. 1897ರಲ್ಲಿ ಅವನು ಶುರುಮಾಡಿದ ಉದ್ಯಮವೇ ಮುಂದೆ ‘ಫೆರೋಡೊ’ ಆಯಿತು. ಚಕ್ರದ ಬದಲು ತಾನು ಸವೆಯುವ ಲೈನಿಂಗ್ ಹೀಗೆ ಬೆಳೆಯಿತು. ಸವೆಯುವುದೇ ಅದರ ಧರ್ಮ; ಪೂರ್ತಿ ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಾಗ ‘ಕರಕರ’ ಶಬ್ದ ಬರುತ್ತದೆ. ಆ ಶಬ್ದ ಬಂದ ಕಾರನ್ನು ಮುಂದೆ ಓಡಿಸಬಾರದು. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಇರುತ್ತಿತ್ತು. ಚಕ್ರ ಬಿಚ್ಚಿ ಬಾಯಿಂದ ಊದಿ ಧೂಳು ಹಾರಿಸುವ ಅಭ್ಯಾಸವಿದ್ದವರು ಅದನ್ನು ಬಿಡುವುದು ಶ್ವಾಸಕೋಶಕ್ಕೆ ಕ್ಷೇಮ.

ಮೊದಲ ಕಾರುಗಳಲ್ಲಿ ಪೆಡಲಿನ ಒತ್ತಡ ಚಕ್ರಕ್ಕೆ ಹೋಗುತ್ತಿದ್ದುದು ಸಲಾಕೆ, ತಂತಿಗಳ ಮೂಲಕ. ಒಂದು ಚಕ್ರ ಹಿಡಿದರೆ ಇನ್ನೊಂದು ಹಿಡಿಯದು. ಅಮೆರಿಕದ ಮಾಲ್ಕಂ ಲಾಕ್‌ಹೀಡ್ ದ್ರವದ ಮೂಲಕ ನಾಲ್ಕೂ ಚಕ್ರಗಳಿಗೆ ಒತ್ತಡ ಸಾಗಿಸುವ ವಿಧಾನವನ್ನು ರೂಪಿಸಿದ; 1921ರ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ಅದು ಬಂತು. ಫೋರ್ಡ್ ಕಂಪನಿ ಮಾತ್ರ 1939ರವರೆಗೆ ಹಟ ಹಿಡಿದು ಕೂತಿತ್ತು! ದ್ರವ ಅದುಮಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ಹೆಚ್ಚಿನವು ಈ ಒಂದು ಮಾತಿನಿಂದಲೇ ಹುಟ್ಟಿದವು. ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಪೆಡಲನ್ನು ಹತ್ತಾರು ಸಲ ತುಳಿದು ಕೊನೆಗೆ ಒತ್ತಿ ಹಿಡಿಯಿರಿ. ಸ್ಪಂಜಿನಂತೆ ಮೆತ್ತಗಿದ್ದರೆ ಒಳಗೆ ಗಾಳಿ ಸೇರಿದೆ. ‘ಏರ್ ಹಿಡಿದಿದೆ’ ಎಂದು ಮೆಕ್ಯಾನಿಕ್ ಹೇಳುವುದು ಇದನ್ನೇ. ಮೊದಲ ತುಳಿತಕ್ಕೆ ಕೆಳಗೆ ಹೋಗಿ ಎರಡು ಮೂರು ತುಳಿತಕ್ಕೆ ಮೇಲೆ ಬಂದರೆ ಗಾಳಿ ಇರಬಹುದು, ಡ್ರಮ್ಮಿನ ಹೊಂದಾಣಿಕೆಯೂ ಸಡಿಲಾಗಿರಬಹುದು. ಒಂದು ನಿಮಿಷ ಒತ್ತಿ ಹಿಡಿದಾಗ ಮೆಲ್ಲಗೆ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ರಬ್ಬರ್ ಸವೆದಿದೆ. ಹಾಗೆಯೇ ಒತ್ತಿ ಹಿಡಿದು ಎಂಜಿನ್ ಚಾಲೂ ಮಾಡಿ: ಬೂಸ್ಟರ್ ಇರುವ ಕಾರಿನಲ್ಲಿ ಪೆಡಲ್ ತುಸು ಒಳಗೆ ಹೋಗಬೇಕು. ಹೋಗದೆ ಕಲ್ಲಿನಂತಿದ್ದರೆ ಬೂಸ್ಟರ್ ಕೆಟ್ಟಿದೆ.

ಬ್ರೇಕ್ ಆಯಿಲ್ ಎಂದು ನಾವು ಕರೆಯುವುದು ವಾಸ್ತವವಾಗಿ ಎಣ್ಣೆಯಲ್ಲ. ಅದರ ಬದಲು ಎಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರೆಲ್ಲ ಉಬ್ಬಿ ಹಾಳಾಗುತ್ತದೆ. ಈ ದ್ರವಕ್ಕೆ ನೀರನ್ನು ಹೀರುವ ಗುಣವಿದೆ, ಮಲೆನಾಡಿನ ಗಾಳಿಯಲ್ಲಿ ನೀರಿಗೆ ಬರವೂ ಇಲ್ಲ. ‘ಡಾಟ್ 3’ ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿಯ ಕಾವಿಗೆ ಅದು ಕುದ್ದು ಆವಿಯಾದರೆ ಪೆಡಲ್ ತಳ ಸೇರುತ್ತದೆ. ಅಂಗಳದಲ್ಲಿ ಗಟ್ಟಿಯಾಗಿದ್ದ ಪೆಡಲ್ ಏಳನೆಯ ತಿರುವಿನಲ್ಲಿ ಕೈಕೊಡುವುದು ಹೀಗೆ. ಈ ದೋಷವೊಂದನ್ನು ಕಾಲಿನಿಂದ ಮೊದಲೇ ಅರಿಯಲಾಗದು. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸುವುದೇ ದಾರಿ.

ಹಳೆಯ ಅಂಬಾಸಿಡರಿನ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು. ಕಾದ ಡ್ರಮ್ಮು ಹಿಗ್ಗಿ ಲೈನಿಂಗ್‌ನಿಂದ ದೂರ ಸರಿಯುತ್ತದೆ. ಲ್ಯಾಂಚೆಸ್ಟರ್ 1902ರಲ್ಲೇ ಪೇಟೆಂಟ್ ಪಡೆದ ಡಿಸ್ಕ್ ಬ್ರೇಕಿಗೆ ಈ ಕಾಟವಿಲ್ಲ. ತೆರೆದುಕೊಂಡಿರುವುದರಿಂದ ಬೇಗ ಆರುತ್ತದೆ ಕೂಡ. ಆದರೆ ಮಳೆಗಾಲದ ರಾತ್ರಿ ಹೊರಗೆ ನಿಂತ ಕಾರಿನ ಡಿಸ್ಕಿಗೆ ಬೆಳಗಾಗುವಷ್ಟರಲ್ಲಿ ತೆಳ್ಳಗೆ ತುಕ್ಕು ಹಿಡಿದಿರುತ್ತದೆ. ನಾಲ್ಕು ಸಲ ಬ್ರೇಕು ಒತ್ತಿದ ಮೇಲೆ ನಿಲ್ಲುವ ಸದ್ದು ಅದರದು, ಗಾಬರಿ ಬೇಡ. ದಿನವಿಡೀ ಕೀರಲುವ ಸದ್ದು ಬೇರೆ. ಪ್ಯಾಡ್ ತೆಳುವಾದಾಗ ಹಾಗೆ ಕೂಗಲೆಂದೇ ಅನೇಕ ಕಾರುಗಳಲ್ಲಿ ಲೋಹದ ಪಟ್ಟಿ ಇಟ್ಟಿರುತ್ತಾರೆ. ಸೋರಿಕೆ ಕಾಣದೆಯೂ ಬಾಟಲಿಯ ದ್ರವ ನಿಧಾನವಾಗಿ ಇಳಿದಿದ್ದರೆ ಅದೂ ಪ್ಯಾಡ್ ಸವೆದ ಸೂಚನೆಯಿರಬಹುದು.

ಇಷ್ಟು ಪತ್ತೆಮಾಡುವುದು ಮನೆಯವರ ಕೆಲಸ, ಬಿಚ್ಚಿ ಕಟ್ಟುವುದು ಬಲ್ಲವರ ಕೆಲಸ. ಪೆಡಲ್ ಕುಸಿಯುವ ಕಾರನ್ನು ‘ಹತ್ತಿರವೇ ತಾನೆ’ ಎಂದು ಗ್ಯಾರೇಜಿಗೆ ಓಡಿಸಿಕೊಂಡು ಹೋಗಬಾರದು. ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಬೇಕು.